ಯೂರಿಯಾ ಚೀಲದ ಮೇಲೆ ಕೂತ ದಿನ

ನಾನು ಗೆದ್ದ ಜಗಳಗಳು ಕಡಿಮೆ. ಇದ್ದುದರಲ್ಲಿ ದೊಡ್ಡದನ್ನು ಅರಕಲಗೂಡಿನ ಹತ್ತಿರ, ನಮ್ಮ ಶುಂಠಿ ಹೊಲದಲ್ಲಿ ಗೆದ್ದೆ.

ಆ ವರ್ಷ ಶುಂಠಿಗೆ ಕೊಳೆರೋಗ ಬಿದ್ದಿತ್ತು. ಪಕ್ಕದ ಮಡಿಗಳಿಗೆ ಹರಡದಿರಲಿ ಎಂದು ನಮ್ಮ ಕಡೆ ಬ್ಲೀಚಿಂಗ್ ಪೌಡರ್ ಕದಡಿ ಬುಡಕ್ಕೆ ಹುಯ್ಯುತ್ತಾರೆ. ಮಾವನವರಿಗೆ ಅಂದು ಹೊಸ ಯೋಚನೆ ಹೊಳೆದಿತ್ತು. ಹೇಗೂ ಯೂರಿಯಾ ಕೊಡಬೇಕು, ಎರಡನ್ನೂ ಒಂದೇ ಡ್ರಮ್ಮಿಗೆ ಸುರಿದರೆ ಆಳುಗಳಿಗೆ ಒಂದು ಸುತ್ತು ಉಳಿಯುತ್ತದೆ. ನಾನು ಊಟ ತಂದಾಗ ಅವರು ಡ್ರಮ್ಮಿಗೆ ಬಗ್ಗಿ ಪೌಡರ್ ಕದಡುತ್ತಿದ್ದರು. ಪಕ್ಕದಲ್ಲಿ ಬಾಯಿ ಬಿಚ್ಚಿದ ಯೂರಿಯಾ ಚೀಲ. 

ನೀರಿನ ಟ್ಯಾಂಕಿಗೆ ಹಾಕುವ ಪುಡಿಯಲ್ಲವೇ, ಅದು ಸಾಧು ಎಂದೇ ಎಲ್ಲರ ನಂಬಿಕೆ. ಎಲ್ಲಿಯ ಸಾಧು. ಕ್ರಿಮಿ ಕೊಲ್ಲುವ ಅದೇ ಗುಣದಿಂದ ತಗಡು ತಿನ್ನುತ್ತದೆ, ಡೀಸೆಲ್ ತಗುಲಿದರೆ ಹೊತ್ತಿಕೊಳ್ಳುತ್ತದೆ, ಆಸಿಡ್ ಬಿದ್ದರೆ ಕ್ಲೋರಿನ್ ಕಕ್ಕುತ್ತದೆ. ಯೂರಿಯಾ ಸೇರಿದರೆ ಉಸಿರು ಕಟ್ಟಿಸುವ, ಸಿಡಿಯಲೂಬಹುದಾದ ವಿಷ. ಬಿ.ಎಸ್ಸಿ.ಯಲ್ಲಿ ಓದಿದ್ದೆಲ್ಲ ಮರೆತೆ ಅಂದುಕೊಂಡಿದ್ದೆ, ಇದೊಂದು ಮರೆತಿರಲಿಲ್ಲ.

"ಮಾವ, ಎರಡೂ ಸೇರ್ಸ್‌ಬೇಡಿ."

"ಊಟ ಮಡಗಿ ಓಗವ್ವ. ಶುಂಠಿ ಬೆಳೆಯೋದ್ನ ನೀನು ನಂಗೆ ಯೋಳ್ಕೊಡ್ತೀಯಾ?"

ಆಳುಗಳು ಮುಸಿಮುಸಿ ನಕ್ಕರು. ನನಗೆ ರೇಗಿಹೋಯಿತು. ಸೀದಾ ಹೋಗಿ ಚೀಲದ ಮೇಲೆ ಕೂತುಬಿಟ್ಟೆ. ಸೊಸೆಯನ್ನು ಮಾವ ಮುಟ್ಟುವಂತಿಲ್ಲ, ಆಳುಗಳಂತೂ ಹತ್ತಿರ ಸುಳಿಯುವಂತಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಮಾವನವರ ಮುಖ ಕೆಂಪಾಯಿತು. ಬೆಳಿಗ್ಗೆ ಬೇರೆ ಬೆಳೆಗೆಂದು ಯೂರಿಯಾ ಕರಗಿಸಿದ್ದ ಬಾಂಡ್ಲಿಯ ತಳದಲ್ಲಿ ಚೂರು ನೀರು ಉಳಿದಿತ್ತು. "ಏನಾಯ್ತದೆ ನೋಡ್ಕೊ" ಎಂದು ಅದಕ್ಕೆ ಒಂದು ಹಿಡಿ ಪೌಡರ್ ಹಾಕಿದರು.

ಬುಸ್ಸೆಂದು ನೊರೆ ಉಕ್ಕಿತು, ಘಾಟು ಎದ್ದಿತು. ಆಳುಗಳು ಕೆಮ್ಮುತ್ತಾ ಓಡಿದರು. ಮಾವನವರು ಕಣ್ಣು ಮುಚ್ಚಿಕೊಂಡು ಅಲ್ಲೇ ಕುಸಿದರು. ನಾನು ಅವರ ರಟ್ಟೆ ಹಿಡಿದು ಗಾಳಿ ಬರುವ ದಿಕ್ಕಿಗೆ ಎಳೆದೊಯ್ದೆ, ಕುಡಿಯುವ ನೀರನ್ನೆಲ್ಲ ಕಣ್ಣಿಗೆ ಹುಯ್ದೆ. ಮುಟ್ಟಬಾರದೆಂಬುದು ಇಬ್ಬರಿಗೂ ನೆನಪಾಗಲಿಲ್ಲ.

ಮಾವನವರ ಉಸಿರು ಸರಿಯಾಗಲು ಸುಮಾರು ಹೊತ್ತು ಹಿಡಿಯಿತು. ಬದುವಿನ ಮೇಲೆ ಕೂತ ಆಳುಗಳನ್ನು ಒಬ್ಬೊಬ್ಬರನ್ನಾಗಿ ನೋಡಿದರು, ಆಮೇಲೆ ತುಂಬಿದ ಡ್ರಮ್ಮನ್ನು.

"ಒಂದ್ ಇಡಿ ಪೌಡ್ರಿಗೇ ಇಂಗಾಯ್ತಲ್ಲ" ಅಂದರು. ನನ್ನ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ, "ಈಗ ಏನ್ ಮಾಡ್ಬೇಕು, ಯೋಳವ್ವ."

ಮದುವೆಯಾಗಿ ಆರು ವರ್ಷ. ಆ ಮನೆಯಲ್ಲಿ ಯಾರಾದರೂ ನನ್ನನ್ನು ಹಾಗೆ ಕೇಳಿದ್ದು ಅದೇ ಮೊದಲು. ಹಿಗ್ಗು ತಡೆಯಲಾಗಲಿಲ್ಲ, ತಡೆಯಲೂ ಇಲ್ಲ. ಒಂದೊಂದಾಗಿ ಹೇಳಿದೆ: ಬಾಂಡ್ಲಿಯ ಹತ್ತಿರ ಯಾರೂ ಹೋಗಬಾರದು, ಯೂರಿಯಾ ಚೀಲ ದೂರ ಸಾಗಿಸಬೇಕು, ಡ್ರಮ್ಮಿನ ಪೌಡರ್ ನೀರನ್ನಷ್ಟೇ ಬುಡಕ್ಕೆ ಹುಯ್ಯಬೇಕು. ಅಷ್ಟೂ ಜನ ಎದ್ದು, ಹೇಳಿದ ಹಾಗೆ ಮಾಡಿದರು.