ನಮ್ಮ ವಠಾರ ಮತದಾರರ ಪಟ್ಟಿ ಸೇರಿದ್ದು

ಮೊನ್ನೆ ಬೀರುವಿನ ಕಾಗದಗಳ ನಡುವೆ ಹಳೆಯ ಮತದಾರರ ಚೀಟಿಯೊಂದು ಸಿಕ್ಕಿತು. ಮೇಲೆ ‘ಬಿನ್ನಿಪೇಟೆ ವಿಧಾನಸಭಾ ಕ್ಷೇತ್ರ’ ಎಂದಿತ್ತು. ಆ ಕ್ಷೇತ್ರವೇ ಈಗಿಲ್ಲ. ಗೋವಿಂದರಾಜನಗರ, ವಿಜಯನಗರ ಎಂದು ಹಂಚಿಹೋಗಿದೆ. ಚೀಟಿಗೆ ನುಸಿಗುಳಿಗೆಯ ವಾಸನೆ. ಅದರ ಹಿಂದೆಯೇ ನಮ್ಮ ವಠಾರದ ಟೀಚರ್ ನೆನಪಾದರು...

ಎಂಬತ್ತರ ದಶಕ. ಮದುವೆಯಾಗಿ ಗೋವಿಂದರಾಜನಗರದ ವಠಾರಕ್ಕೆ ಬಂದಿದ್ದೆ. ಎಂಟು ಬಾಡಿಗೆ ಮನೆ, ಒಂದೇ ನಲ್ಲಿ. ಪಕ್ಕದ ಮನೆಯಲ್ಲಿ ಸರ್ಕಾರಿ ಶಾಲೆಯ ಟೀಚರ್ ತಾಯಿಯೊಂದಿಗೆ ಇದ್ದರು. ಸೀರೆ ಮಾಸಿದ್ದರೂ ನೆರಿಗೆ ಮಾತ್ರ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ. ಆ ವರ್ಷ ನಮ್ಮ ಬೀದಿಯ ಮತದಾರರ ಪಟ್ಟಿ ಬರೆಯುವ ಕೆಲಸ ಅವರಿಗೆ ಬಂತು.

ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. “ನಾನೇ ಒಂದೊಂದಾಗಿ ಹೇಳ್ತೀನಿ ಕಣಮ್ಮ, ಸರಿಯಾದ್ದು ಬಂದಾಗ ನಕ್ಬಿಡು,” ಎನ್ನುತ್ತಿದ್ದರು ಟೀಚರ್. ಕೊನೆಮನೆಯ ಗಾರ್ಮೆಂಟ್ಸ್ ಹುಡುಗಿ ಎಲ್ಲ ಹೆಸರಿಗೂ ನಕ್ಕು ಅವರನ್ನು ಪೇಚಿಗೆ ಸಿಕ್ಕಿಸಿದಳು.

ವಠಾರದ ಯಜಮಾನರು ಮಾತ್ರ ನಗಲಿಲ್ಲ. ಬಾಡಿಗೆಯವರ ಹೆಸರು ಪಟ್ಟಿ ಸೇರಿದರೆ ಮನೆಯ ಮೇಲೆ ಹಕ್ಕು ಕೇಳುತ್ತಾರೆಂಬ ಭಯ ಅವರಿಗೆ. ನಲ್ಲಿಯ ಹತ್ತಿರ ಎಲ್ಲರೆದುರೇ ಹೇಳಿದರು: “ನಮ್ಮನೇದಷ್ಟೇ ಬರ್ಕೊಳ್ಳಿ ಟೀಚರ್. ಇವರ ಹೆಸರು ಬರೆದ್ರೆ ನೀವು ಮನೆ ಖಾಲಿ ಮಾಡ್ಬೇಕಾಗುತ್ತೆ.”

ಟೀಚರ್ ಪೆನ್ನಿನ ಮುಚ್ಚಳ ತೆಗೆದರು. “ಬೇರೆ ಮನೆ ನೋಡ್ಕೋತೀನಿ ಸಾರ್. ಇಲ್ಲೇ ಇರೋರನ್ನ ಇಲ್ಲ ಅಂತ ಹೇಗೆ ಬರೀಲಿ?” ಎಂದು ನನ್ನ ಕಡೆ ತಿರುಗಿ, “ನಿನ್ ಹೆಸರು ಹೇಳು ಕಣೇ,” ಎಂದರು.

ಕೊಡ ಕೆಳಗಿಟ್ಟು, ಕಾನ್ವೆಂಟಿನಲ್ಲಿ ಉತ್ತರ ಹೇಳುತ್ತಿದ್ದ ಹಾಗೆ ನೆಟ್ಟಗೆ ನಿಂತೆ. ಹೆಸರು ಹೇಳಿದೆ. ಉಳಿದವರೂ ಹೇಳಿದರು.

ತಿಂಗಳೊಳಗೆ ಟೀಚರ್ ಸುಂಕದಕಟ್ಟೆಗೆ ಮನೆ ಬದಲಿಸಿದರು. ನಾವು ಪಾತ್ರೆ ಕಟ್ಟಿಕೊಟ್ಟೆವು, ಅಷ್ಟೇ. ಯಜಮಾನರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಮತದಾನದ ದಿನ ಉಳಿದ ಏಳೂ ಮನೆಯ ಹೆಂಗಸರು ಒಟ್ಟಿಗೆ ಸಾಲಿನಲ್ಲಿ ನಿಂತೆವು. ಯಜಮಾನರು ನಮ್ಮ ಹಿಂದೆ. ಅಂಥ ಜಂಬ ನನಗೆ ಮದುವೆಯ ದಿನವೂ ಬಂದಿರಲಿಲ್ಲ!

ಈಗ ನಮ್ಮದು ಸ್ವಂತ ಮನೆ, ಮಹಡಿಯಲ್ಲಿ ಬಾಡಿಗೆಯವರು. ಕಳೆದ ವಾರ ಪಟ್ಟಿಯ ಕೆಲಸಕ್ಕೆ ಬಂದವಳು, “ಆಂಟಿ, ಮೇಲ್ಗಡೆ ಯಾರೂ ಬಾಗಿಲು ತೆಗೀತಿಲ್ಲ. ಓನರ್‌ದು ಮಾತ್ರ ಹಾಕ್ಕೊಂಡು ಹೋಗ್ಲಾ?” ಎಂದಳು. “ಇರಮ್ಮ, ಕೂತ್ಕೋ,” ಎಂದು ನೋಯುವ ಮಂಡಿ ಹಿಡಿದುಕೊಂಡೇ ಮಹಡಿ ಹತ್ತಿದೆ. ಬಾಗಿಲು ಬಡಿದು ಗಂಡ ಹೆಂಡತಿ ಇಬ್ಬರನ್ನೂ ಕರೆತಂದೆ.

ಇದನ್ನು ಟೀಚರ್‌ಗೆ ಹೇಳಬೇಕಿತ್ತು. ಅವರು ತೀರಿಕೊಂಡು ಎಷ್ಟೋ ವರ್ಷದ ಮೇಲೆ ನನಗೆ ಸುದ್ದಿ ಗೊತ್ತಾಯಿತು...