ಆರ್ಡಿಸ್ ಮೂರನೆಯ ಸಲ ಬೇಡ ಎಂದದ್ದು

ಮನೆಗಾಡಿ ನಿಲ್ಲಿಸಿ ತಂಗುವ ಕ್ಯಾಂಪ್ ಮೈದಾನದ ಆಜೀವ ಸದಸ್ಯತ್ವ ಕೊಂಡವರಿಗೆ ಆ ನೆಲದಲ್ಲಿ ಒಂದು ಗೇಣೂ ಸ್ವಂತವಾಗುವುದಿಲ್ಲ. ಕೊಳ್ಳುವಾಗ ಒಂದು ದೊಡ್ಡ ಗಂಟು, ಆಮೇಲೆ ವರ್ಷ ವರ್ಷವೂ ಒಂದು ಚಿಕ್ಕ ಗಂಟು. ಗಾಡಿ ಓಡಿಸುವ ಶಕ್ತಿ ಹೋದ ಮೇಲೂ ಆ ಚಿಕ್ಕ ಗಂಟು ಕೊಡುವುದು ನಿಲ್ಲುವುದಿಲ್ಲ. ಇದೇನು ಗುಟ್ಟಲ್ಲ. ಚಳಿಗಾಲ ಬಂತೆಂದರೆ ಅಡುಗೆ, ಹಾಸಿಗೆ ಎಲ್ಲ ಗಾಡಿಯೊಳಗೇ ಇಟ್ಟುಕೊಂಡು ಅರಿಜೋನಾಕ್ಕೆ ಇಳಿಯುವ ನಮ್ಮಂಥ ಮನೆಗಾಡಿಯವರಲ್ಲಿ ಇದು ತಿಳಿಯದವರಿಲ್ಲ. ತಿಳಿದೂ ಪ್ರತಿ ಜನವರಿ ಸಾಲುಗಟ್ಟಿ ಹೋಗಿ ಸಹಿ ಹಾಕುತ್ತೇವೆ. ಅಲ್ಲಿ ಮಾರುವವನು ಜಾಗ ಮಾರುವುದಿಲ್ಲ ಸ್ವಾಮಿ. ‘ನಿನಗೆ ಇನ್ನೂ ಹತ್ತು ವರ್ಷ ಏನೂ ಆಗುವುದಿಲ್ಲ’ ಎಂಬ ಮಾತು ಮಾರುತ್ತಾನೆ. ಆ ಮಾತಿಗೆ ಗಿರಾಕಿ ಯಾವತ್ತೂ ಇರುತ್ತಾರೆ.

ಆರ್ಡಿಸ್ ನೆಸ್ ಅಂಥ ಗಿರಾಕಿಯ ಹೆಂಡತಿ. ದಕ್ಷಿಣ ಡಕೋಟಾದ ಒಂದು ಶಾಲೆಯ ಅಡುಗೆಮನೆಯಲ್ಲಿ ಬದುಕೆಲ್ಲ ಆಲೂಗಡ್ಡೆ ಬೇಯಿಸಿ ನಿವೃತ್ತಳಾದವಳು. ದಪ್ಪ ಕನ್ನಡಕ, ಗಟ್ಟಿ ಮಣಿಕಟ್ಟು, ಸಣ್ಣ ದನಿ. ಗಂಡ ವರ್ಲಿನ್ ಹಾಲಿನ ಟ್ಯಾಂಕರ್ ಓಡಿಸುತ್ತಿದ್ದ. ಹಿಮ ಬಿದ್ದ ಅಂಗಳಗಳೊಳಗೆ, ಕೊಟ್ಟಿಗೆಗೂ ಕಣಜಕ್ಕೂ ನಡುವೆ, ಕಣ್ಣು ಮುಚ್ಚಿಕೊಂಡು ಟ್ಯಾಂಕರನ್ನು ಹಿಂದಕ್ಕೆ ತೂರಿಸುತ್ತಿದ್ದ ಎಂದು ಆ ಕಡೆಯ ರೈತರು ಈಗಲೂ ಹೇಳುತ್ತಾರೆ. ಎರಡು ವರ್ಷದ ಹಿಂದೆ ಇಬ್ಬರೂ ಮನೆ ಮಾರಿ ಮನೆಗಾಡಿ ಕೊಂಡರು. ಗಾಡಿ ಕೊಂಡು ಉಳಿದ ಹಣವನ್ನು ಆರ್ಡಿಸ್ ಮುಟ್ಟದೆ ಇಟ್ಟಿದ್ದಳು. ಓಡಾಟ ಸಾಕಾದ ದಿನ ತಂಗಿಯ ಊರಿನಲ್ಲಿ ಮೆಟ್ಟಿಲಿಲ್ಲದ ಎರಡು ಕೋಣೆ ಹಿಡಿಯಲು ಅದು. ಬೇರೆ ಹಣವಿರಲಿಲ್ಲ.

ಆ ದಿನ ಬಂದಾಗಿತ್ತು. ಬಂದದ್ದು ಆರ್ಡಿಸ್‌ಗೆ ಗೊತ್ತಿತ್ತು. ವರ್ಲಿನ್‌ಗೂ ಗೊತ್ತಿತ್ತು ಎಂದೇ ನನ್ನ ನಂಬಿಕೆ. ಸಕ್ಕರೆ ಕಾಯಿಲೆಯಿಂದ ಅವನ ಪಾದಗಳು ಜೋಮು ಹಿಡಿದು, ಬಲಗಾಲು ಬ್ರೇಕಿನ ಮೇಲಿದೆಯೋ ಪಕ್ಕದ ಪೆಡಲಿನ ಮೇಲಿದೆಯೋ ತಿಳಿಯದಂತಾಗಿತ್ತು. ನ್ಯೂ ಮೆಕ್ಸಿಕೊ ದಾಟುವಾಗ ಕೆಂಪು ದೀಪದ ಮುಂದೆ ಒಮ್ಮೆ ಗಾಡಿ ನಿಲ್ಲುವ ಬದಲು ನುಗ್ಗಿತ್ತು. ಅಡ್ಡ ಯಾರೂ ಇರಲಿಲ್ಲ. ಇಬ್ಬರೂ ಆಮೇಲೆ ಹವಾಮಾನದ ಬಗ್ಗೆ ಮಾತಾಡಿದರು.

ಅರಿಜೋನಾದ ಇಂಥ ಒಂದು ಮೈದಾನದಲ್ಲಿ ಮೂರು ರಾತ್ರಿ ಪುಕ್ಕಟೆ ತಂಗಲು ಬಿಡುತ್ತಾರೆ. ಬದಲಿಗೆ ಒಂದು ಬೆಳಗ್ಗೆ ಕೂತು ಅವರ ಮಾತು ಕೇಳಬೇಕು. ಗಂಡ ಹೆಂಡತಿ ಇಬ್ಬರೂ ಬರಬೇಕು. ಆರ್ಡಿಸ್ ಬೇಡವೆಂದುಕೊಂಡಳು, ವರ್ಲಿನ್ ಹೋಗೋಣವೆಂದ. ಸಂಜೆ ಹೊತ್ತಿಗೆ ಮುಟ್ಟಿದರು. ಸಾಲಿನುದ್ದಕ್ಕೂ ಜನ ಮಡಿಸುವ ಕುರ್ಚಿ ಹಾಕಿಕೊಂಡು, ಕೈಯಲ್ಲಿ ಲೋಟ ಹಿಡಿದು ಕೂತಿದ್ದರು. ಹೊಸ ಗಾಡಿ ತನ್ನ ಜಾಗಕ್ಕೆ ಹಿಂದೆ ಹಿಂದೆ ಬರುವುದನ್ನು ನೋಡುವುದು ನಮಗೆ ಸಿನಿಮಾ ಇದ್ದಂತೆ. ಎಲ್ಲರೂ ನೋಡುತ್ತೇವೆ, ಯಾರೂ ಒಂದು ಮಾತೂ ಆಡುವುದಿಲ್ಲ. ಅದು ನಮ್ಮ ಮರ್ಯಾದೆ.

ಆರ್ಡಿಸ್ ಹಿಂದೆ ನಿಂತು ಕೈಸನ್ನೆ ಮಾಡುತ್ತಿದ್ದಳು. ಪಕ್ಕದ ಗಾಡಿಯ ಕುರ್ಚಿಯಿಂದ ಒಬ್ಬ ಎದ್ದು ಬಂದ. ಐವತ್ತರ ಆಸುಪಾಸು, ಬಣ್ಣ ಕಳೆದ ಟೋಪಿ, ನಗುಮುಖ.

“ನಾನು ರೋನಿ ಪಿಕೆಟ್. ಆ ಕಡೆ ಮರ ಇದೆ ಮೇಡಂ, ನೀವು ಇಲ್ಲಿ ನೋಡ್ಕೊಳಿ, ನಾನು ಅಲ್ಲಿ ನೋಡ್ತೀನಿ.”

ಗಾಡಿ ಜಾಗಕ್ಕೆ ಬಂತು. ಆರ್ಡಿಸ್ ತಲೆಯ ಮೇಲೆ ಎರಡೂ ತೋಳು ಕತ್ತರಿಯಂತೆ ಅಡ್ಡ ಹಿಡಿದಳು. ರೋನಿಯೂ ಹಿಡಿದ. ಅದನ್ನು ಕಂಡರೆ ನಿಲ್ಲಿಸಬೇಕು, ಏಕೆಂದು ಆಮೇಲೆ ಕೇಳಬೇಕು. ಗಾಡಿ ನಿಲ್ಲಲಿಲ್ಲ. ಎಂಜಿನ್ ಒಮ್ಮೆಲೇ ಗರ್ಜಿಸಿತು, ಹಿಂಭಾಗ ಅವಳ ಮೇಲೇ ಬಂತು. ರೋನಿ ಹಾರಿ ಬಂದು ತೋಳು ಹಿಡಿದು ಎಳೆಯದಿದ್ದರೆ ಈ ಬರಹದ ರೀತಿಯೇ ಬೇರೆ ಇರುತ್ತಿತ್ತು. ಗಾಡಿಗೆ ಕರೆಂಟು ಕೊಡುವ ಸೊಂಟದೆತ್ತರದ ಕಂಬ ಲಟಕ್ಕೆಂದು ಮುರಿದು ಬಿತ್ತು.

ವರ್ಲಿನ್ ಇಳಿದು ಬಂದ. ಮುಖ ಸುಣ್ಣ.

ರೋನಿ ಅವನ ಬೆನ್ನು ತಟ್ಟಿದ. “ಕನ್ನಡೀಲಿ ಸೂರ್ಯ ಕಣ್ಣಿಗೆ ಹೊಡೆದ, ಅಲ್ವಾ ಕ್ಯಾಪ್ಟನ್?”

ಸೂರ್ಯ ಆಗಲೇ ಗುಡ್ಡದ ಹಿಂದೆ ಹೋಗಿದ್ದ. ವರ್ಲಿನ್ ತಲೆಯಾಡಿಸಿದ. “ಹೂಂ. ಸೂರ್ಯ. ಹಾಳಾದವನು.”

“ಬಿಡಿ, ಎಲ್ಲರಿಗೂ ಆಗುತ್ತೆ. ಕಂಬದ ಚಿಂತೆ ನನಗಿರಲಿ.”

ಕತ್ತಲಾಗುವ ಮೊದಲು ಹೊಸ ಕಂಬ ನಿಂತಿತ್ತು. ಯಾರೂ ಏನೂ ಕೇಳಲಿಲ್ಲ. ಸಾಲಿನ ಕುರ್ಚಿಗಳಲ್ಲಿದ್ದವರೆಲ್ಲ ತಮ್ಮ ತಮ್ಮ ಲೋಟದೊಳಗೆ ನೋಡುತ್ತಿದ್ದರು.

ಮರುದಿನ ಬೆಳಗ್ಗೆ ಮೈದಾನದ ಸಭಾಂಗಣದಲ್ಲಿ ದಾಲ್ಚಿನ್ನಿ ಬನ್ನು, ಕಾಫಿ, ದುಂಡು ಮೇಜುಗಳು. ಒಂದೊಂದು ಮೇಜಿಗೆ ಒಂದೊಂದು ಜೋಡಿ, ಎದುರಿಗೆ ಮಾರುವವನು. ಯಾರಾದರೂ ಸಹಿ ಹಾಕಿದರೆ ಮೂಲೆಯ ಗಂಟೆ ಬಾರಿಸುತ್ತಾರೆ, ಎಲ್ಲರೂ ಚಪ್ಪಾಳೆ ತಟ್ಟಬೇಕು. ಆರ್ಡಿಸ್ ಮೇಜಿಗೆ ಬಂದು ಕೂತವನು ರೋನಿ. ಟೋಪಿ ಇರಲಿಲ್ಲ. ಇಸ್ತ್ರಿ ಮಾಡಿದ ಕಂಪನಿಯ ಅಂಗಿ ಇತ್ತು.

“ಅರೆ, ನಮ್ಮವನೇ!” ವರ್ಲಿನ್‌ಗೆ ಖುಷಿ.

ಆರ್ಡಿಸ್ ಬನ್ನಿನ ತಟ್ಟೆ ದೂರ ತಳ್ಳಿದಳು. ನಿನ್ನೆ ಇವನು ನೆರೆಯವನಂತೆ ಕುರ್ಚಿ ಹಾಕಿ ಕೂತದ್ದು ಏಕೆಂದು ಆಗ ತಿಳಿಯಿತು. ಆದರೆ ಅವಳ ತೋಳಿನ ಮೇಲೆ ಅವನ ಬೆರಳುಗಳು ಮೂಡಿಸಿದ ನೀಲಿ ಇನ್ನೂ ಇತ್ತು. ಜೀವ ಉಳಿಸಿದವನ ಎದುರು ಕೂತು ಏನೆನ್ನುವುದು?

ರೋನಿ ನಕ್ಷೆ ಹರಡಿದ. “ಎಲ್ಲೆಲ್ಲಿ ಹೋಗ್ಬೇಕು ಹೇಳಿ ಕ್ಯಾಪ್ಟನ್. ಸುಮ್ನೆ ಬೆರಳಿಡಿ.”

ವರ್ಲಿನ್ ಓರೆಗಾನ್ ಕರಾವಳಿಯ ಮೇಲೆ ಬೆರಳಿಟ್ಟ. ಮೊಂಟಾನಾದ ಮೇಲೆ ಇಟ್ಟ. ಹಾಲಿನ ಟ್ಯಾಂಕರಿನವನಿಗೆ ಹಳ್ಳಿ ರಸ್ತೆ ಬಿಟ್ಟು ಬೇರೆ ರಸ್ತೆ ಸಿಕ್ಕಿದ್ದೇ ಈ ಎರಡು ವರ್ಷ. ಅವನ ಬೆರಳು ಮತ್ತೆ ಕರಾವಳಿಗೇ ಹೋಯಿತು.

“ಇಷ್ಟೂ ಜಾಗ ನಿಮ್ದೇ, ಜೀವನ ಪೂರ್ತಿ. ಆದ್ರೆ ಈ ಬೆಲೆ ಈ ಬೆಳಗ್ಗೆಗೆ ಮಾತ್ರ. ಬಾಗಿಲಿಂದ ಆಚೆ ಹೋದ್ರೆ ನಾನೂ ಏನೂ ಮಾಡಕ್ಕಾಗಲ್ಲ.”

ಅವನು ಹೇಳಿದ ಬೆಲೆಗೂ ಆರ್ಡಿಸ್ ಮುಟ್ಟದೆ ಇಟ್ಟಿದ್ದ ಹಣಕ್ಕೂ ಹೆಚ್ಚು ಅಂತರವಿರಲಿಲ್ಲ.

“ಇರ್ಲಿ ಬಿಡಿ,” ಎಂದಳು. “ನಮಗ್ಯಾಕೆ ಅಷ್ಟೆಲ್ಲ.”

ಇಲ್ಲಿ ಒಂದು ಮಾತು. ಡಕೋಟಾದ ಜನ ಯಾವುದನ್ನೂ ಮೊದಲ ಸಲಕ್ಕೆ ಒಪ್ಪುವುದಿಲ್ಲ. ಒಂದು ತುಂಡು ಕೇಕು ಕೊಟ್ಟರೂ ಬೇಡ ಎನ್ನಬೇಕು, ಮತ್ತೆ ಕೊಟ್ಟರೆ ಮತ್ತೆ ಬೇಡ ಎನ್ನಬೇಕು, ಮೂರನೆಯ ಸಲ ತೆಗೆದುಕೊಳ್ಳಬೇಕು. ಮೂರನೆಯ ಸಲವೂ ಬೇಡವೆಂದರೆ ಕೊಟ್ಟವರ ಮುಖಕ್ಕೆ ಬಾಗಿಲು ಹಾಕಿದಂತೆ. ರೋನಿ ಆ ಕಡೆಯವನಲ್ಲ. ಆದರೆ ಚಳಿಗಾಲ ಚಳಿಗಾಲವೂ ಆ ಕಡೆಯವರಿಗೆ ಮಾರಿ ಮಾರಿ ಪಳಗಿದವನು. ಅವಳ ಮೊದಲನೆಯ ‘ಬೇಡ’ವನ್ನು ಅವನು ಕೇಳಿಸಿಕೊಳ್ಳಲೂ ಇಲ್ಲ.

“ಇನ್ನೊಂದು ಕಾಫಿ, ಮೇಡಂ?” ಕಾಫಿ ಬಗ್ಗಿಸಿ ಮತ್ತೆ ಅದೇ ಮಾತು. “ಯಜಮಾನ್ರ ಮುಖ ನೋಡಿ. ಇಷ್ಟು ಖುಷಿ ಯಾವಾಗ ನೋಡಿದ್ರಿ?”

“ನಿಜವಾಗ್ಲೂ ಬೇಡ ಅನ್ಸುತ್ತೆ,” ಎಂದಳು ಆರ್ಡಿಸ್.

ವರ್ಲಿನ್ ಗಹಗಹಿಸಿದ. “ಇವಳು ಹಿಂಗೇ ಕಣಯ್ಯಾ. ನನ್ನ ಮದುವೆ ಆಗೋಕೂ ಎರಡು ಸಲ ಬೇಡ ಅಂದಿದ್ಲು!”

ಪಕ್ಕದ ಮೇಜಿನವರೂ ನಕ್ಕರು. ಆರ್ಡಿಸ್ ಕೂಡ ನಕ್ಕಳು. ನಗದೆ ಏನು ಮಾಡುವುದು? ಎರಡು ‘ಬೇಡ’ ಮುಗಿದಿತ್ತು. ಅವಳ ಸ್ವಂತ ಗಂಡನೇ ಅವನ್ನು ಉಪಚಾರದ ಮಾತೆಂದು ಎಣಿಸಿಬಿಟ್ಟಿದ್ದ.

ರೋನಿ ಪೆನ್ನಿನ ಮುಚ್ಚಳ ತೆಗೆದು, ಪೆನ್ನನ್ನು ವರ್ಲಿನ್ ಕೈಗೆ ಕೊಟ್ಟ. ಅವಳಿಗೆ ಕೊಡಲಿಲ್ಲ. “ಮೊದ್ಲು ಕ್ಯಾಪ್ಟನ್. ಆಮೇಲೆ ಮೇಡಂ.”

ಆರ್ಡಿಸ್ ತಲೆ ತಗ್ಗಿಸಿದಳು. ಮೇಜಿನ ಕೆಳಗೆ ಕಣ್ಣು ಬಿತ್ತು. ವರ್ಲಿನ್ ಪಾದ ಊದುತ್ತಿದ್ದುದರಿಂದ ಹಿಮ್ಮಡಿಯ ಪಟ್ಟಿಯಿಲ್ಲದ ಸಡಿಲ ಚಪ್ಪಲಿ ಹಾಕುತ್ತಿದ್ದ. ಬಲಗಾಲಿನದು ಕಳಚಿ ದೂರ ಸರಿದು ಬಿದ್ದಿತ್ತು. ತಣ್ಣನೆಯ ಸಿಮೆಂಟಿನ ಮೇಲೆ ಕಾಲುಚೀಲದ ಪಾದ ಊರಿಕೊಂಡು ಅವನು ನಗುತ್ತಿದ್ದ.

“ವರ್ಲಿನ್,” ಎಂದಳು. “ನಿನ್ನ ಬಲಗಾಲಲ್ಲಿ ಚಪ್ಪಲಿ ಇದೆಯಾ?”

“ಏನೇ ಅದು ಪ್ರಶ್ನೆ?”

“ಇದೆಯಾ?”

“ಇದೆ. ಇಲ್ದೆ ಎಲ್ಲಿಗೆ ಹೋಗುತ್ತೆ?”

“ಕೆಳಗೆ ನೋಡು.”

ಅವನು ನೋಡಿದ. ಪೆನ್ನು ಕಾಗದದ ಮೇಲೆ ಹಾಗೇ ನಿಂತಿತ್ತು. ರೋನಿಯೂ ಬಗ್ಗಿ ನೋಡಿ, ನೋಡಲಿಲ್ಲವೆಂಬಂತೆ ಸರಿಯಾಗಿ ಕೂತ.

ಆರ್ಡಿಸ್ ಅವನ ಕಡೆ ತಿರುಗಿದಳು. “ನಿನ್ನೆ ಸೂರ್ಯ ಎಲ್ಲಿದ್ದ, ರೋನಿ?”

“ಮೇಡಂ, ಅದು...”

“ಎಲ್ಲಿದ್ದ?”

“ನಾನೇನು ಡಾಕ್ಟ್ರಾ ಮೇಡಂ? ಯಾರ ಕಾಲು ಹೆಂಗಿದೆ ಅಂತ ನನಗೇನು ಗೊತ್ತು?”

“ನಾನು ಕಾಲಿನ ಮಾತೇ ಎತ್ತಲಿಲ್ವಲ್ಲ. ಸೂರ್ಯ ಎಲ್ಲಿದ್ದ ಅಂದೆ. ನಿಂಗೆ ಎಲ್ಲಾ ಗೊತ್ತಿತ್ತು. ಗೊತ್ತಿದ್ದೇ ಇವನ ಕೈಗೆ ಪೆನ್ ಕೊಟ್ಟೆ.”

ಅಷ್ಟರಲ್ಲಿ ಮೂಲೆಯ ಗಂಟೆ ಹೊಡೆಯಿತು. ಬೇರೆ ಯಾರೋ ಸಹಿ ಹಾಕಿದ್ದರು. ಸಭಾಂಗಣ ತುಂಬ ಚಪ್ಪಾಳೆ. ರೋನಿಯ ಕೈಗಳೂ ಅಭ್ಯಾಸಬಲದಿಂದ ಎರಡು ಸಲ ತಟ್ಟಿದವು.

ಚಪ್ಪಾಳೆ ನಿಂತ ಮೇಲೂ ಅವನು ಬಿಡಲಿಲ್ಲ. ಇದನ್ನೇ ನಾನು ಕ್ಷಮಿಸಲಾರೆ. ದನಿ ತಗ್ಗಿಸಿ, ಮೆತ್ತಗೆ, “ನೀವೇ ಓಡಿಸೋದು ಕಲೀಬೋದಲ್ಲ ಮೇಡಂ. ಎಷ್ಟೋ ಹೆಂಗಸ್ರು ಓಡಿಸ್ತಾರೆ. ಕ್ಯಾಪ್ಟನ್ ಪಕ್ಕ ಕೂರ್ತಾರೆ,” ಎಂದ.

“ಬೇಡ,” ಎಂದಳು ಆರ್ಡಿಸ್. ಅದು ಮೂರನೆಯದು. “ಬೇಡ ಅಂದ್ರೆ ಬೇಡ. ಇವನ ಕಾಲು ಹೋಗಿದೆ. ನನ್ನ ಕಣ್ಣೂ ಅಷ್ಟೇನೂ ಚೆನ್ನಾಗಿಲ್ಲ. ನಾವಿಬ್ರೂ ಇನ್ನು ರಸ್ತೆ ಮೇಲೆ ಇರಬಾರ್ದು. ಯಾರನ್ನಾದ್ರೂ ಕೊಂದುಬಿಡ್ತೀವಿ.”

ಅಕ್ಕಪಕ್ಕದ ಮೇಜಿನವರು ತಿರುಗಿ ನೋಡಿದರು. ವರ್ಲಿನ್ ಪೆನ್ನು ಕೆಳಗಿಟ್ಟ. ಬಗ್ಗಿ, ಕೈಯಿಂದಲೇ ಪಾದ ಎತ್ತಿ ಚಪ್ಪಲಿಯೊಳಗೆ ಇಟ್ಟುಕೊಂಡ. ಎದ್ದ.

“ಇಷ್ಟು ಜನರ ಮುಂದೆ ಹೇಳ್ಬೇಕಾಗಿತ್ತಾ, ಆರ್ಡೀ?”

“ಗಾಡೀಲಿ ಇಬ್ರೇ ಇದ್ದಾಗ ಹೇಳಕ್ಕೆ ಎಷ್ಟು ಸಲ ಬಾಯಿ ತೆಗೆದೆ. ನೀನು ಪ್ರತಿ ಸಲ ರೇಡಿಯೋ ಹಾಕ್ದೆ.”

ಅವನು ಹೊರಗೆ ನಡೆದ. ಅವಳು ಹಿಂದೆ ಹೋದಳು. ರೋನಿ ನಕ್ಷೆ ಮಡಿಸುತ್ತಿದ್ದ. ಮುಂದಿನ ಜೋಡಿ ಬಾಗಿಲಲ್ಲಿ ಕಾಯುತ್ತಿತ್ತು.

ಇದನ್ನು ಸುಖಾಂತ್ಯ ಎಂದು ಓದಬೇಡಿ. ವರ್ಲಿನ್ ಹೆಂಡತಿಗೆ ಥ್ಯಾಂಕ್ಸ್ ಹೇಳಲಿಲ್ಲ. ಗಾಡಿಯ ಕೀಲಿಯನ್ನು ಒಲೆಯ ಮೇಲಿಟ್ಟು, ಅಲ್ಲಿಂದ ಹೊರಡುವವರೆಗೂ ಗೋಡೆಗೆ ಮುಖ ಮಾಡಿ ಮಲಗಿದ್ದ. ತಂಗಿಯ ಮಗ ವಿಮಾನದಲ್ಲಿ ಬಂದು ಗಾಡಿ ಓಡಿಸಿಕೊಂಡು ಹೋದ. ಅಷ್ಟು ದೂರವೂ ವರ್ಲಿನ್ ಹಿಂದಿನ ಹಾಸಿಗೆಯಲ್ಲಿ ಕೂತು ಕಿಟಕಿಯ ಪರದೆ ಸರಿಸಲಿಲ್ಲ. ಈಗ ಮೆಟ್ಟಿಲಿಲ್ಲದ ಎರಡು ಕೋಣೆಯಲ್ಲಿದ್ದಾರೆ. ಗಾಡಿ ಮಾರಾಟವಾದ ದಿನ ಅವನು ಊಟ ಮಾಡಲಿಲ್ಲ. ‘ನಾಲ್ಕು ಜನರ ಮುಂದೆ ನನ್ನ ಕಾಲು ಕತ್ತರಿಸಿದೆ’ ಎಂದು ಈಗಲೂ ಆಗಾಗ ಅನ್ನುತ್ತಾನೆ. ಆರ್ಡಿಸ್ ಸುಮ್ಮನೆ ಅವನ ಪಾದಕ್ಕೆ ಮುಲಾಮು ಹಚ್ಚುತ್ತಾಳೆ. ಇದನ್ನೆಲ್ಲ ನನಗೆ ಫೋನಿನಲ್ಲಿ ಹೇಳಿದವಳು ಅವಳೇ. ನಾನು, ‘ನಿನ್ನ ಹೆಸರು ಬದಲಿಸಿ ಬರೀಲಾ?’ ಎಂದು ಕೇಳಿದೆ. ‘ಯಾಕೆ? ನಾನೇನು ಕದ್ನಾ? ಹೆಸರು ಹಾಕಿ ಬರಿ. ಇವನೂ ಹೂಂ ಅಂದಿದಾನೆ, ಮುಖ ಊದಿಸ್ಕೊಂಡು’ ಎಂದಳು.

ರೋನಿಯ ಮೇಲೆ ನನಗೆ ಸಿಟ್ಟಿದೆ. ಆದರೆ ಅವನು ಕಮಿಷನ್ನಿಗೆ ದುಡಿಯುವವನು, ಅವನ ಬುದ್ಧಿ ಅವನು ತೋರಿಸಿದ. ನನ್ನ ಹೊಟ್ಟೆ ಉರಿಯುವುದು ಆ ಕುರ್ಚಿಗಳ ಸಾಲನ್ನು ನೆನೆದು. ಹಿಂದಿನ ಸಂಜೆ ಎಂಜಿನ್ ಗರ್ಜಿಸಿದ್ದನ್ನು ಅವರೆಲ್ಲ ಕೇಳಿದ್ದರು, ಕಂಬ ಮುರಿದದ್ದನ್ನು ಕಂಡಿದ್ದರು. ಅವರಲ್ಲಿ ಕೆಲವರು ಮರುದಿನ ಅದೇ ಸಭಾಂಗಣದಲ್ಲಿ ಬನ್ನು ತಿನ್ನುತ್ತಿದ್ದರು. ಎರಡು ಸಲ ಬೇಡವೆಂದ ಮುದುಕಿಯನ್ನು ನೋಡಿ ನಕ್ಕವರೂ ಅವರೇ. ಒಬ್ಬರಾದರೂ ಮೊದಲೇ ಹೋಗಿ, ‘ಅಣ್ಣಾ, ನಿನ್ನೆ ಆದದ್ದು ಸೂರ್ಯನಿಂದಲ್ಲ’ ಎಂದಿದ್ದರೆ ಆ ಹೆಂಗಸು ತನ್ನ ಗಂಡನ ಮಾನವನ್ನು ಮೇಜಿನ ಮೇಲೆ ತನ್ನ ಕೈಯಾರೆ ಕೊಯ್ಯಬೇಕಾಗಿರಲಿಲ್ಲ. ಬಾಯಿ ಮುಚ್ಚಿ ಕೂತು ಅದಕ್ಕೆ ಮರ್ಯಾದೆ ಎಂದು ಹೆಸರಿಟ್ಟಿದ್ದೇವೆ.

ಇದನ್ನು ಓದುತ್ತಿರುವ ನಿಮ್ಮ ಸಾಲಿನಲ್ಲೂ ಅಂಥ ಒಬ್ಬರಿದ್ದಾರೆ. ಯಾರೆಂದು ನಿಮಗೆ ಗೊತ್ತು. ಅವರು ಪೆನ್ನು ಹಿಡಿಯುವ ಮೊದಲು, ಇವತ್ತೇ, ಹೋಗಿ ಅವರ ಬಾಗಿಲು ಬಡಿದು ನೀವು ಕಂಡದ್ದನ್ನು ಹೇಳಿ.