ಮಾಡಿ ದೊಡ್ಡಮ್ಮನ ಒಂಬತ್ತು ಸಂಜೆ

೧೯೬೦ರ ಡಿಸೆಂಬರ್ ೨೩, ಶುಕ್ರವಾರ, ಸಂಜೆ ಆರು ಗಂಟೆ ಹತ್ತು ನಿಮಿಷ. ಮದರಾಸಿನ ಪುರಸವಾಕ್ಕದ ಒಂದು ಹಳೆಯ ಮನೆಯ ಮಹಡಿಯಲ್ಲಿ ಚಂದ್ರಮತಿ ಅಮ್ಮಣ್ಣ ಸ್ಟೂಲಿನ ಮೇಲೆ ನಿಂತು ಕಾಗದದ ನಕ್ಷತ್ರದೊಳಗೆ ಹದಿನೈದು ವ್ಯಾಟಿನ ಬಲ್ಬು ಸಿಕ್ಕಿಸುತ್ತಿದ್ದರು.

ನಕ್ಷತ್ರದ ಕಾಗದ ಅಂಗಡಿಯದಲ್ಲ. ಚಂದ್ರಮತಿ ಪೆರಂಬೂರಿನ ರೈಲ್ವೆ ಕಾರ್ಖಾನೆಯ ನಕ್ಷೆ ವಿಭಾಗದಲ್ಲಿ ಟ್ರೇಸರ್. ಎಂಜಿನುಗಳ ಮೂಲ ನಕ್ಷೆಯ ಮೇಲೆ ತೆಳುಕಾಗದ ಹಾಸಿ, ಮಸಿಯಲ್ಲಿ ಗೆರೆ ತಪ್ಪದಂತೆ ನಕಲು ತೆಗೆಯುವುದು ಅವರ ಕೆಲಸ. ಕೆಟ್ಟುಹೋದ ಹಾಳೆಗಳನ್ನು ಮೇಲಿನವರ ಒಪ್ಪಿಗೆ ಕೇಳಿಯೇ ಮನೆಗೆ ತರುತ್ತಿದ್ದರು. ಸ್ವಿಚ್ಚು ಒತ್ತಿದರೆ ಆ ವರ್ಷದ ನಕ್ಷತ್ರದ ಒಂದು ಕೋನದಲ್ಲಿ ಎಂಜಿನಿನ ಚಕ್ರ, ಇನ್ನೊಂದರಲ್ಲಿ ಅರ್ಧ ಹೊಗೆಕೊಳವೆ ಮೂಡಿತು.

ಅವರು ಉಡುಪಿಯವರು. ತಂದೆ ಅಲ್ಲಿಯ ಮಿಶನ್ ಶಾಲೆಯಲ್ಲಿ ಮೇಷ್ಟ್ರು. ಕ್ರಿಸ್ಮಸ್ ರಜೆಯಲ್ಲಿ ಮಕ್ಕಳಿಗೆ ಓದಲೆಂದು ತಂದೆಯೇ ಬರೆದ ಒಂದು ಕಥೆಯ ಪುಸ್ತಕ, ಹಳೆಯ ನೋಟುಬುಕ್ಕಿನಲ್ಲಿ, ಒಂಬತ್ತು ಅಧ್ಯಾಯ. ಬೆತ್ಲೆಹೇಮಿಗೆ ಹೊರಟ ಒಂದು ಕತ್ತೆಮರಿ ನಕ್ಷತ್ರವನ್ನು ಬಿಟ್ಟು ದಾರಿಯಲ್ಲಿ ಸಿಕ್ಕ ದೀಪಗಳನ್ನೆಲ್ಲ ಹಿಂಬಾಲಿಸುತ್ತದೆ. ಪ್ರತಿ ಸಂಜೆಯೂ ತಪ್ಪು ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಒಂಬತ್ತನೆಯ ಸಂಜೆ, ಎಲ್ಲರೂ ಬಂದು ಹೋದ ಮೇಲೆ, ಕೊಟ್ಟಿಗೆ ಮುಟ್ಟುತ್ತದೆ. ೧೯೩೮ರಲ್ಲಿ ಮದರಾಸಿಗೆ ಬಂದಾಗ ಚಂದ್ರಮತಿಯವರ ಪೆಟ್ಟಿಗೆಯಲ್ಲಿದ್ದ ಪುಸ್ತಕ ಅದೊಂದೇ. ಹದಿನೆಂಟು ವರ್ಷ ಅದನ್ನು ಓದಿಸಿಕೊಳ್ಳುವವರು ಯಾರೂ ಇರಲಿಲ್ಲ.

೧೯೫೬ರಲ್ಲಿ ಕೆಳಮನೆಗೆ ಕಿಟ್ಟಣ್ಣನ ಸಂಸಾರ ಬಂತು. ಕಿಟ್ಟಣ್ಣ ಹತ್ತಿರದ ಹೋಟೆಲಿನಲ್ಲಿ ದೊಡ್ಡ ಅಡಿಗೆಯವನು, ಹೆಂಡತಿ ಅಕ್ಕು, ಮಕ್ಕಳು ಕೃಷ್ಣರಾಜ, ಅಂಬುಜಾ, ಆಮೇಲೆ ಇಲ್ಲೇ ನಡೆಯಲು ಕಲಿತ ಬೇಬಿ. ಊರಿನ ಮಾತು ಕೇಳಿ ಎರಡೂ ಮನೆಗೆ ಸಂತೋಷವಾಯಿತು. ಆ ವರ್ಷದ ಡಿಸೆಂಬರಿನಲ್ಲೇ ಅಕ್ಕು ಒಂದು ಮಾತು ಕೇಳಿಕೊಂಡಿದ್ದಳು.

"ಕಥೆ ಎಷ್ಟು ಬೇಕಾದ್ರೂ ಹೇಳಿ ಚಂದ್ರಕ್ಕ. ತಿಂಡಿಯಲ್ಲಿ ಮೊಟ್ಟೆ ಮಾತ್ರ ಬೇಡ."

"ಮಾತು ಕೊಟ್ಟೆ" ಎಂದಿದ್ದರು ಚಂದ್ರಮತಿ. ಮಕ್ಕಳ ತಿಂಡಿಗೆಂದು ಮರುದಿನವೇ ಬೇರೆ ಬಾಣಲೆ ಕೊಂಡರು.

ಅಂದಿನಿಂದ ಪ್ರತಿ ಡಿಸೆಂಬರಿನಲ್ಲಿ ಶಾಲೆಗೆ ರಜೆ ಬಿಟ್ಟ ಸಂಜೆ ಆರೂವರೆಗೆ ಓದು ಶುರು, ದಿನಕ್ಕೊಂದು ಅಧ್ಯಾಯ. ಅವರು ಮಹಡಿಯ ಬಾಗಿಲಲ್ಲಿ ಕುರ್ಚಿ ಹಾಕಿ ಕೂರುವರು. ಮಕ್ಕಳು ಮೆಟ್ಟಿಲ ಮೇಲೆ, ಚಿಕ್ಕವರು ಹತ್ತಿರ. ಓದು ಕನ್ನಡದಲ್ಲಿ, ಪ್ರಶ್ನೆಗಳು ತಮಿಳಿನಲ್ಲಿ. 'ಮಾಡಿ ದೊಡ್ಡಮ್ಮ' ಎಂದು ಹೆಸರಿಟ್ಟವರೂ ಮಕ್ಕಳೇ, ತಮಿಳಿನಲ್ಲಿ ಮಹಡಿಗೆ 'ಮಾಡಿ' ಎನ್ನುತ್ತಾರೆ. ವರ್ಷದ ಉಳಿದ ಮುನ್ನೂರ ಐವತ್ತಾರು ಸಂಜೆ ಚಂದ್ರಮತಿ ಒಬ್ಬರಿಗೇ ಅನ್ನ ಮಾಡಿ, ಒಬ್ಬರೇ ತಟ್ಟೆ ತೊಳೆದು ಮಲಗುತ್ತಿದ್ದರು.

ಆ ವರ್ಷ ಇಪ್ಪತ್ತೈದಕ್ಕೆ ಭಾನುವಾರ. ಆರಾಧನೆ ಮುಗಿಸಿ ಬಂದು, ಮಂಗಳೂರಿನಿಂದ ತಂಗಿ ಸರಸ ರೈಲಿನಲ್ಲಿ ಕಳಿಸಿದ್ದ ಡಬ್ಬ ಬಿಚ್ಚಿ, ಹಿತ್ತಾಳೆ ತಟ್ಟೆಯಲ್ಲಿ ಕರಜಿಕಾಯಿ, ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಕರಿದ ಹೂವು ಜೋಡಿಸಿ, ಕಸೂತಿ ಬಟ್ಟೆ ಮುಚ್ಚಿ ಕೆಳಗೆ ಕೊಟ್ಟರು. ನಾಲ್ಕು ವರ್ಷವೂ ಸರಸ ಮೊಟ್ಟೆಯಿಲ್ಲದೆ ಮಾಡಿ ಕಳಿಸಿದ್ದಳು. ಕೇಳುವ ಅಗತ್ಯ ಕಾಣಲಿಲ್ಲ.

ಮಂಗಳವಾರ ಸಂಜೆ ಕಚೇರಿಯಿಂದ ಬಂದಾಗ ಹಬ್ಬದ ಗದ್ದಲದಲ್ಲಿ ತಡವಾದ ಸರಸಳ ಕಾಗದ ಬಾಗಿಲಡಿ ಬಿದ್ದಿತ್ತು. 'ಈ ಸಲ ಹೂವಿಗೆ ಮೊಟ್ಟೆ ಹಾಕಿದ್ದೇನೆ, ಅದು ನಿನಗೆ. ಕೆಳಗಿನ ಮಕ್ಕಳಿಗೆ ಕರಜಿಕಾಯಿ ಮಾತ್ರ ಕೊಡು.'

ಗಂಟೆ ಐದೂ ಮುಕ್ಕಾಲು. ಚಂದ್ರಮತಿ ಕಾಗದವನ್ನು ಎರಡು ಸಲ ಓದಿದರು. ನಾಲ್ಕು ಅಧ್ಯಾಯ ಮುಗಿದಿತ್ತು, ಐದು ಉಳಿದಿತ್ತು. ಒಂದನೇ ತಾರೀಕು ಹೇಳಿದರೂ ಹೇಳಿದಂತೆಯೇ. ಅಷ್ಟರಲ್ಲಿ ಕತ್ತೆಮರಿ ಊರು ಮುಟ್ಟಿರುತ್ತದೆ. ಆದರೆ ಈ ಐದು ಸಂಜೆಯೂ ಅಕ್ಕು ತನ್ನನ್ನು ನಂಬಿಯೇ ಮಕ್ಕಳನ್ನು ಮೇಲೆ ಕಳಿಸುತ್ತಾಳೆ. ನಕಲಿನಲ್ಲಿ ಒಂದು ಗೆರೆ ತಪ್ಪಿದ್ದು ಗೊತ್ತಾದ ಮೇಲೂ ಹಾಳೆಯನ್ನು ಕಾರ್ಖಾನೆಗೆ ಕಳಿಸುವುದು ಅವರಿಂದಾಗದ ಕೆಲಸ. ಆರು ಇಪ್ಪತ್ತಕ್ಕೆ ಕೆಳಗಿಳಿದರು.

ಕಿಟ್ಟಣ್ಣ ಅಂದು ಮನೆಯಲ್ಲೇ ಇದ್ದ. ವಿಷಯ ಕೇಳಿ ಮೊದಲು ಬಾಯಿಬಿಟ್ಟವನು ಅವನೇ. "ಅದಾ! ಇಷ್ಟು ಗರಿಗರಿ ಹೇಗಾಯ್ತು ಅಂತ ನಾನು ಎರಡು ದಿನದಿಂದ ತಲೆ ಕೆಡಿಸ್ಕೊಂಡಿದ್ದೆ ಮಾರಾಯ್ರೆ."

"ನೀವು ತಿಂದ್ರಾ?" ಎಂದಳು ಅಕ್ಕು.

"ನಾಲ್ಕು. ರುಚಿ ನೋಡುದು ನನ್ನ ಕಸುಬು ಅಲ್ವಾ?"

ಅಕ್ಕುವಿಗೆ ನಗು ಬರಲಿಲ್ಲ. ಬಾಗಿಲು ಅರ್ಧ ಎಳೆದು ದನಿ ತಗ್ಗಿಸಿದಳು. "ನೀವು ಹೇಳದಿದ್ರೆ ಯಾರಿಗೆ ಗೊತ್ತಾಗ್ತಿತ್ತು ಚಂದ್ರಕ್ಕ?"

"ನನಗೆ ಗೊತ್ತಾಯ್ತಲ್ಲ ಅಕ್ಕು."

"ನಿಮ್ಮ ಮೇಲೆ ಸಿಟ್ಟಿಲ್ಲ. ಆದ್ರೆ ಊರಿಂದ ಅತ್ತೆ ಬಂದಿದ್ದಾರೆ. ಒಳಗೆ ಕೂತು ಎಲ್ಲ ಕೇಳಿಸ್ಕೊಂಡ್ರು."

ಒಳಗಿಂದ ಅತ್ತೆ ಲಕ್ಷ್ಮೀ ಅಮ್ಮನ ದನಿ ಬಂತು. "ಮಕ್ಕಳಿಗೆ ಪಂಚಗವ್ಯ ಕುಡಿಸು. ಇನ್ನು ಒಬ್ಬರೂ ಆ ಮೆಟ್ಲು ಹತ್ತುದು ಬೇಡ."

"ನಾನು ನಾಲ್ಕು ಲೋಟ ಕುಡಿಬೇಕಾ ಅಮ್ಮ?" ಎಂದ ಕಿಟ್ಟಣ್ಣ.

ಅಂದು ಆರೂವರೆಗೆ ಚಂದ್ರಮತಿ ನಕ್ಷತ್ರ ಹಚ್ಚಿ ಕುರ್ಚಿಯಲ್ಲಿ ಕೂತರು. ಏಳೂಕಾಲಿಗೆ ಆರಿಸಿ ಒಳಗೆ ಹೋದರು. ಬುಧವಾರವೂ ಹಾಗೆಯೇ, ಗುರುವಾರವೂ ಹಾಗೆಯೇ. ಐದನೆಯ ಅಧ್ಯಾಯದ ಹಾಳೆ ತೆರೆದೇ ಇತ್ತು. ತಮಗೆ ತಾವೇ ಓದಿಕೊಂಡು ಅದನ್ನು ಮುಗಿಸಲು ಮನಸ್ಸಾಗಲಿಲ್ಲ. ಕೆಳಗಿನ ರೇಡಿಯೋ, ಪಾತ್ರೆಯ ಸದ್ದು, ಮಕ್ಕಳ ಜಗಳ ಎಲ್ಲ ಕೇಳುತ್ತಿತ್ತು. ಶುಕ್ರವಾರ ಬೇಬಿ ಯಾರಿಗೋ ಕತ್ತೆಮರಿಯ ಕಥೆ ಹೇಳುತ್ತಿದ್ದಳು. ನಾಲ್ಕನೆಯ ಅಧ್ಯಾಯದ ಕೊನೆಗೆ ಬಂದು ಅವಳ ದನಿ ನಿಂತಿತು.

ಶನಿವಾರ, ವರ್ಷದ ಕೊನೆಯ ದಿನ. ಲೆಕ್ಕದ ಪ್ರಕಾರ ಅದು ಒಂಬತ್ತನೆಯ ಸಂಜೆ. ಒಂದು ಅಧ್ಯಾಯಕ್ಕೆ ಇಪ್ಪತ್ತು ನಿಮಿಷ; ಐದಕ್ಕೆ ನೂರು. ಆರೂವರೆಗೆ ನಕ್ಷತ್ರ ಹಚ್ಚಿ, ಖಾಲಿ ಮೆಟ್ಟಿಲ ಕಡೆ ಮುಖ ಮಾಡಿ, ಚಂದ್ರಮತಿ ಐದನೆಯ ಅಧ್ಯಾಯದಿಂದ ಗಟ್ಟಿಯಾಗಿ ಓದಲು ತೊಡಗಿದರು. ಮೊದಮೊದಲು ಅವರ ದನಿ ಅವರಿಗೇ ಅಪರಿಚಿತವಾಗಿ ಕೇಳಿತು. ಆರನೆಯದರ ನಡುವೆ ಕೆಳಗೆ ರೇಡಿಯೋ ನಿಂತಿತು. ಏಳನೆಯದು ಶುರುವಾಗುವಾಗ ತಲೆಯೆತ್ತಿದರೆ, ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಲ್ಲಿ ಬೇಬಿ, ಮೊಣಕಾಲು ತಬ್ಬಿಕೊಂಡು.

"ಬೇಡ ಪುಟ್ಟಿ. ಅಜ್ಜಿ ಬೈತಾರೆ."

"ಪಾಟಿ ಹತ್ತಬೇಡ ಅಂತ ಸೊನ್ನಾಂಗ. ಕೂತ್ಕೋಬೇಡ ಅಂತ ಹೇಳ್ಲಿಲ್ಲ" ಎಂದಳು ಬೇಬಿ, ತಮಿಳು ಬೆರೆಸಿ.

ಅವಳ ಬೆನ್ನ ಹಿಂದೆ ಬಾಗಿಲು ಒಂದು ಗೇಣು ತೆರೆದಿತ್ತು. ಅಂಬುಜಾಳ ಲಂಗದ ಅಂಚು, ಕೃಷ್ಣರಾಜನ ಒಂದು ಪಾದ ಹೊಸ್ತಿಲೊಳಗೆ ಕಂಡಿತು. ಅದಕ್ಕಿಂತ ಮುಂದೆ ಯಾರೂ ಬರಲಿಲ್ಲ. ಬೇಬಿಯನ್ನು ಯಾರೂ ಕರೆದು ಒಳಗೆ ಹಾಕಿಕೊಳ್ಳಲೂ ಇಲ್ಲ. ಅಷ್ಟು ದೂರಕ್ಕೆ ಮುಟ್ಟುವಂತೆ ಚಂದ್ರಮತಿ ದನಿಯೇರಿಸಿ ಓದಿದರು. ಎಂಟೂ ಹತ್ತಕ್ಕೆ ಕತ್ತೆಮರಿ ಕೊಟ್ಟಿಗೆ ಮುಟ್ಟಿತು.

ಮುಂದಿನ ಬೇಸಿಗೆಯಲ್ಲಿ ಕಿಟ್ಟಣ್ಣನಿಗೆ ಅಡ್ಯಾರಿನ ಹೋಟೆಲಿನಲ್ಲಿ ಕೆಲಸವಾಯಿತು. ಸಾಮಾನು ಗಾಡಿಗೇರಿದ ಮೇಲೆ ಅಕ್ಕು ಮಹಡಿ ಹತ್ತಿ ಹಿತ್ತಾಳೆ ತಟ್ಟೆ ಹಿಂದಿರುಗಿಸಿದಳು. ಖಾಲಿ ತಟ್ಟೆ ಕೊಡಬಾರದೆಂದು ಅದರ ತುಂಬ ಕೊಬ್ಬರಿ ಮಿಠಾಯಿ. "ಬರ್ತೇವೆ ಚಂದ್ರಕ್ಕ" ಎಂದಳು. ಅಡ್ಯಾರಿಗೆ ಎರಡು ಬಸ್ಸು ಬದಲಿಸಬೇಕು, ಬರಲಾಗಲಿಲ್ಲ. ಕೆಳಮನೆಗೆ ಮಕ್ಕಳಿಲ್ಲದ ಬ್ಯಾಂಕಿನವರು ಬಂದರು.

೧೯೬೭ರಲ್ಲಿ ನಿವೃತ್ತರಾಗಿ ತಂಗಿಯ ಊರಿಗೆ ಹೋಗುವವರೆಗೂ ಚಂದ್ರಮತಿ ಪ್ರತಿ ಡಿಸೆಂಬರಿನಲ್ಲಿ ಅದೇ ಮೊಳೆಗೆ ನಕ್ಷತ್ರ ಕಟ್ಟಿದರು. ಆರೂವರೆಗೆ ಕುರ್ಚಿ ಹಾಕಿ, ಒಂದು ಸಂಜೆಗೆ ಒಂದೇ ಅಧ್ಯಾಯ, ಕೆಳಗಿನ ಮೆಟ್ಟಿಲಿಗೆ ಕೇಳುವಷ್ಟು ಗಟ್ಟಿಯಾಗಿ ಓದುತ್ತಿದ್ದರು.

೧೯೬೦ರ ಆ ಶನಿವಾರ ಪುಸ್ತಕ ಮುಚ್ಚಿದ ಮೇಲೆ ಬೇಬಿ ಏಳದೆ, ತನಗೂ ದೊಡ್ಡಮ್ಮನಿಗೂ ನಡುವಿದ್ದ ಮೆಟ್ಟಿಲುಗಳನ್ನು ನೋಡುತ್ತ ಕೇಳಿದ್ದಳು: "ದೊಡ್ಡಮ್ಮ, ಎಲ್ಲಾರೂ ಬಂದ್ರೆ ಇಲ್ಲಿ ಎತ್ತನೆ ಜನ ಕೂತ್ಕೋಬೋದು?"

ಚಂದ್ರಮತಿ ಅಂದಾಜಿನಲ್ಲಿ ಹೇಳುವವರಲ್ಲ. ಕನ್ನಡಕ ಸರಿಮಾಡಿಕೊಂಡು ಬೆರಳು ತೋರಿಸುತ್ತ ಮೇಲಿನಿಂದ ಕೆಳಗಿನವರೆಗೆ ಎಣಿಸಿದರು. ಹದಿನಾಲ್ಕು ಮೆಟ್ಟಿಲು, ಒಂದೊಂದರಲ್ಲಿ ಇಬ್ಬರು.

"ಇಪ್ಪತ್ತೆಂಟು" ಎಂದರು.